ಡೋಲ್ಫಿ ಅರಸನ ಸ್ನಾನ

ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳ ಸಾಲಿನಲ್ಲಿ ಡೋಲ್ಫಿ ಎಂದರೆ ಎಲ್ಲರಿಗೂ ಗೊತ್ತು. ಲಾರಿ ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರ್. ದಪ್ಪ ಮೀಸೆ, ಜೇಬಿನಲ್ಲಿ ಎರಡು ಪೆನ್ನು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಆ ಗೊಂಚಲು ಕುಣಿಸುತ್ತ ರ್‍ಯಾಕುಗಳ ನಡುವೆ ನಡೆದನೆಂದರೆ ದಂಡನಾಯಕನ ಠೀವಿ. ಆದರೆ ಏನು ಮಾಡುವುದು, ಕೈಕೆಳಗಿನ ಹೆಲ್ಪರುಗಳು ಅವನ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಮೇಲಿನ ಮ್ಯಾನೇಜರು ‘ಯಲ್ಲಾ ಡೋಲ್ಫಿ, ಯಲ್ಲಾ’ ಎಂದು ಅವಸರ ಮಾಡುವುದು ಬಿಟ್ಟರೆ ಬೇರೆ ಮಾತಾಡಿಸಿದವನಲ್ಲ. ಹೀಗಾಗಿ ದರ್ಬಾರು ನಡೆಸುವ ಆಸೆಯನ್ನೆಲ್ಲ ಅವನು ಎರಡು ಕಡೆ ತೀರಿಸಿಕೊಳ್ಳಬೇಕಾಗಿತ್ತು. ಒಂದು ಅಬು ಹಲೀಫಾದ ತನ್ನ ಫ್ಲ್ಯಾಟು, ಇನ್ನೊಂದು ಕಡಲತಡಿ ಕನ್ನಡ ಬಳಗದ ಕಮಿಟಿ.

ಫ್ಲ್ಯಾಟಿನಲ್ಲಿ ಕಷ್ಟವಿರಲಿಲ್ಲ. ಹೆಂಡತಿ ವೈಲೆಟ್ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು, ಮೀನು ಸಾರು ಮಾಡಿ, ಅವನ ಶರ್ಟಿಗೆ ಇಸ್ತ್ರಿ ಹಾಕುತ್ತ ಅವನ ಯುದ್ಧದ ಕಥೆಯನ್ನೂ ಕೇಳಿಸಿಕೊಳ್ಳುವಷ್ಟು ತಾಳ್ಮೆಯವಳು. ಹೌದು, ಡೋಲ್ಫಿಗೆ ಒಂದು ಯುದ್ಧದ ಕಥೆಯಿತ್ತು. ತೊಂಬತ್ತರಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಅವನು ಕುವೈತಿನಲ್ಲೇ ಇದ್ದ. ಅವನ ಬಾಯಲ್ಲಿ ಆ ಕಥೆಗೆ ಟ್ಯಾಂಕು, ಫಿರಂಗಿ ಎಲ್ಲ ಬರುತ್ತಿದ್ದವು. ನಡೆದದ್ದು ಇಷ್ಟೇ: ಬಸ್ಸು ಹತ್ತಿ ಜೋರ್ಡಾನಿಗೆ ಹೋದ, ಡೇರೆಯಲ್ಲಿ ರೊಟ್ಟಿಗೆ ಸಾಲು ನಿಂತ, ವಿಮಾನದಲ್ಲಿ ಊರಿಗೆ ಬಂದ. ಕುವೈತು ಮತ್ತೆ ತೆರೆದಾಗ ವೈಲೆಟಳನ್ನೂ ಕರೆತಂದ. ಪುಟ್ಟ ಮಗಳು ವೆಲಿಟಾಳನ್ನು ಮಾತ್ರ ಮಂಗಳೂರಿನ ಬೋರ್ಡಿಂಗಿನಲ್ಲಿ ಬಿಟ್ಟರು. ಇಬ್ಬರೂ ಡ್ಯೂಟಿಗೆ ಹೋಗುವವರು, ಮಗುವನ್ನು ನೋಡುವುದು ಯಾರು ಎಂದು ಡೋಲ್ಫಿ ತೀರ್ಪು ಕೊಟ್ಟ. ವೈಲೆಟ್ ಆಗಲೂ ಏನೂ ಹೇಳಲಿಲ್ಲ. ಈಗ ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ವೆಲಿಟಾ ಫಿಸಿಯೋಥೆರಪಿಯ ಕೊನೆಯ ವರ್ಷದಲ್ಲಿದ್ದಳು.

ಇನ್ನು ಬಳಗದ ಕಮಿಟಿ. ಅದರ ಅಧ್ಯಕ್ಷ ಬೊನವೆಂಚರ್. ಶುವೈಖಿನಲ್ಲೇ ಕಾರುಗಳಿಗೆ ಸೀಟು ಕವರು, ಕಾರ್ಪೆಟ್ಟು ಹಾಕುವ ದೊಡ್ಡ ಶೋರೂಮಿನ ಯಜಮಾನ. ವಾರ್ಷಿಕೋತ್ಸವದ ಬಿರಿಯಾನಿ ಅವನದೇ ಆದ್ದರಿಂದ ಅಧ್ಯಕ್ಷಗಿರಿಗೆ ಚುನಾವಣೆಯ ಪ್ರಶ್ನೆ ಬರುತ್ತಿರಲಿಲ್ಲ. ಡೋಲ್ಫಿಯ ಕಣ್ಣಿದ್ದದ್ದು ಜನರಲ್ ಸೆಕ್ರೆಟರಿ ಹುದ್ದೆಯ ಮೇಲೆ. ಸೆಕ್ರೆಟರಿಗೆ ಕೋಟಿನ ಮೇಲೆ ಬ್ಯಾಡ್ಜು, ವೇದಿಕೆಯ ಮೇಲೆ ಮುಖ್ಯ ಅತಿಥಿಯ ಪಕ್ಕ ಕುರ್ಚಿ. ಆ ಕುರ್ಚಿಯನ್ನು ನೆನೆದೇ ಅವನಿಗೆ ಎಷ್ಟೋ ದಿನ ಊಟ ಸೇರುತ್ತಿರಲಿಲ್ಲ.

ಆ ವರ್ಷ ಕಮಿಟಿಗೆ ಗ್ರೀಕರ ಹುಚ್ಚು ಹಿಡಿಯಿತು. ಹಿಂದಿನ ವರ್ಷ ಕೇರಳದವರ ಸಂಘ ಹೊಗೆ ಬಿಟ್ಟು, ನೀಲಿ ಲೈಟು ಹಾಕಿ ಏನೋ ಗ್ರೀಕ್ ನಾಟಕ ಆಡಿ ಹೆಸರು ಮಾಡಿತ್ತು. ನಾವೇನು ಕಡಿಮೆಯಾ ಎಂದು ಬೊನವೆಂಚರ್ ಮೇಜು ಕುಟ್ಟಿದ. ಬಳಗದಲ್ಲಿ ಓದಿಕೊಂಡವರೆಂದರೆ ಸಿವಿಲ್ ಇಂಜಿನಿಯರ್ ಲಕ್ಷ್ಮೀನರಸಿಂಹ, ಮೈಸೂರಿನವರು. ಅವರನ್ನು ಕರೆದು, ಗ್ರೀಕರಲ್ಲಿ ಒಳ್ಳೆಯ ಹೆಣ್ಣು ಪಾತ್ರ ಇರುವ ಒಂದು ಕಥೆ ತೆಗೆಯಿರಿ ಎಂದರು.

‘ಒಳ್ಳೇ ಪಾತ್ರಗಳು ಬೇಕಾದಷ್ಟಿವೆ’ ಎಂದರು ಲಕ್ಷ್ಮೀನರಸಿಂಹ. ‘ಒಬ್ಬಳು ಗಂಡ ಕೈಬಿಟ್ಟ ಅಂತ ಹೆತ್ತ ಮಕ್ಕಳನ್ನೇ ಕೊಲ್ತಾಳೆ. ಇನ್ನೊಬ್ಬಳು ರಾಜಾಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಹಾಕಿ ತಾನೂ ಸಾಯ್ತಾಳೆ. ಮತ್ತೊಬ್ಬಳು ಯುದ್ಧ ಗೆದ್ದು ಬಂದ ಗಂಡನ್ನ ಕೆಂಪು ಹಾಸು ಹಾಸಿ ಸ್ವಾಗತ ಮಾಡಿ, ಸ್ನಾನಕ್ಕೆ ಕಳಿಸಿ, ಅಲ್ಲೇ ಮೇಲೊಂದು ಬಟ್ಟೆ ಎಸೆದು, ಬಲೆಯೊಳಗಿನ ಮೀನಿನ ಹಾಗೆ ಮಾಡಿ ಕಡಿದು ಹಾಕ್ತಾಳೆ.’

ಕಮಿಟಿಯಲ್ಲಿ ಸ್ವಲ್ಪ ಹೊತ್ತು ಯಾರೂ ಚಹಾ ಮುಟ್ಟಲಿಲ್ಲ.

‘ಅಲ್ಲ ಮಾರಾಯ್ರೆ, ಆ ದೇಶದಲ್ಲಿ ಸಂಸಾರಸ್ಥೆ ಅಂತ ಒಬ್ಬಳೂ ಇರಲಿಲ್ಲವಾ?’ ಎಂದ ಬೊನವೆಂಚರ್.

‘ಇದ್ರೋ ಏನೋ. ಆದ್ರೆ ಬರೆದೋರು ಗಂಡಸರು, ನೋಡೋಕೆ ಬರ್ತಿದ್ದೋರೂ ಹೆಚ್ಚಾಗಿ ಗಂಡಸರೇ ಅಂತಾರೆ. ಮುಖವಾಡ ಹಾಕ್ಕೊಂಡು ಹೆಣ್ಣು ಪಾತ್ರ ಮಾಡ್ತಿದ್ದೋರೂ ಗಂಡಸರೇ. ಅವರಿಗೆ ಹೆಣ್ಣು ಅಂದ್ರೆ ಏನು ಭಯ ಇತ್ತೋ ಅದನ್ನೇ ಬರೆದ್ರು.’

ಹತ್ತು ಮಂದಿ ಗಂಡಸರೇ ಇದ್ದ ಕಮಿಟಿ ಇದನ್ನು ಕೇಳಿ ಗ್ರೀಕರ ಬಗ್ಗೆ ಗಂಭೀರವಾಗಿ ತಲೆಯಾಡಿಸಿತು. ಲೇಡೀಸ್ ವಿಂಗಿನವರು ಆ ಹೊತ್ತಿಗೆ ಒಳಗೆ ಸಮೋಸ ತಟ್ಟೆಗೆ ಹಾಕುತ್ತಿದ್ದರು.

ಚರ್ಚೆಯಾಗಿ ಯುದ್ಧ ಗೆದ್ದು ಬರುವ ಅರಸನ ಕಥೆ ಆಯ್ಕೆಯಾಯಿತು. ಆದರೆ ಫ್ಯಾಮಿಲಿ ಆಡಿಯನ್ಸು. ರಾಣಿ ಗಂಡನನ್ನು ಕೊಲ್ಲುವುದು ಹೇಗೆ? ಒಬ್ಬರು, ಕೊಲೆ ಬೇಡ, ಮಾತು ಬಿಡಲಿ ಎಂದರು. ಇನ್ನೊಬ್ಬರು, ವಿಷ ಕೊಡಲಿ, ಅರಸ ಬದುಕಲಿ ಎಂದರು. ಕೊನೆಗೆ ರಾಣಿ ಕತ್ತಿ ಎತ್ತುವುದು, ಅಷ್ಟರಲ್ಲಿ ಅವಳಿಗೆ ತಾಳಿಯ ನೆನಪಾಗುವುದು, ಕತ್ತಿ ಬಿಸಾಡಿ ಅರಸನ ಕಾಲಿಗೆ ಬೀಳುವುದು ಎಂದು ತೀರ್ಮಾನವಾಯಿತು. ಗ್ರೀಕರಿಗೆ ಎಲ್ಲಿಯ ತಾಳಿ ಎಂದು ಲಕ್ಷ್ಮೀನರಸಿಂಹ ಗೊಣಗಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗ್ರೀಕ್ ಹೆಸರುಗಳು ನಾಲಗೆಗೆ ಹೊರಳುವುದಿಲ್ಲವೆಂದು ಬರೀ ಅರಸ, ಬರೀ ರಾಣಿ ಎಂದಿಟ್ಟರು.

‘ಅರಸನ ಪಾರ್ಟು ನನಗೆ’ ಎಂದ ಡೋಲ್ಫಿ. ‘ಇಲ್ಲಿ ಯುದ್ಧ ಕಂಡವ ಬೇರೆ ಯಾರಿದ್ದಾರೆ?’

ಅದಕ್ಕೊಂದು ತೊಡಕಿತ್ತು. ಬಳಗದಲ್ಲಿ ಯಾರೂ ಬರೆದಿಡದ, ಆದರೆ ಯಾರೂ ಮುರಿಯದ ಒಂದು ಕಟ್ಟಳೆಯಿತ್ತು: ಹೆಂಗಸು ವೇದಿಕೆ ಹತ್ತುವುದಿದ್ದರೆ ಜೋಡಿಯಾಗಿ ಅವಳ ಸ್ವಂತ ಗಂಡನೇ ಇರಬೇಕು. ಹಾಗಾಗಿ ಇಷ್ಟು ವರ್ಷ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡುತ್ತ ಬಂದವನು ಬ್ಯಾಂಕಿನ ಸಿಲ್ವೆಸ್ಟರ್. ಕೇರಳದವರು ನಿಜವಾದ ಹೆಂಗಸರನ್ನೇ ಇಳಿಸಿದ್ದರಿಂದ ಈ ಸಲ ಸಿಲ್ವೆಸ್ಟರ್ ಸಾಲದು. ಅರಸನಾಗಬೇಕಿದ್ದರೆ ಡೋಲ್ಫಿ ರಾಣಿಯನ್ನು ಮನೆಯಿಂದಲೇ ತರಬೇಕು. ಸಿಲ್ವೆಸ್ಟರನಿಗೆ ಮುನಿಸು ಬಾರದಿರಲೆಂದು ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸ ಕೊಟ್ಟರು.

ವೈಲೆಟ್ ಮೊದಲು ಒಪ್ಪಲಿಲ್ಲ. ಇಗರ್ಜಿಯ ಕೊಯರಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡಿದ್ದು ಬಿಟ್ಟರೆ ಅವಳು ನಾಲ್ಕು ಜನರ ಎದುರು ಬಾಯಿ ಬಿಟ್ಟವಳಲ್ಲ. ‘ನೀನು ಎಂತ ಹೇಳಲಿಕ್ಕೂ ಇಲ್ಲ, ಕಡೆಗೆ ನನ್ನ ಕಾಲಿಗೆ ಬಿದ್ದರಾಯ್ತು’ ಎಂದು ಡೋಲ್ಫಿ ಧೈರ್ಯ ತುಂಬಿದ. ಅವಳು ಮಾತುಗಳನ್ನು ಜೆರಾಕ್ಸ್ ಹಾಳೆಯಲ್ಲಿ ನೋಡಿಕೊಂಡು ಇಸ್ತ್ರಿ ಹಾಕುತ್ತ ಬಾಯಿಪಾಠ ಮಾಡಿದಳು.

ಇದೇ ದಿನಗಳಲ್ಲಿ ಬೊನವೆಂಚರ್ ಒಂದು ಸಂಜೆ ಡೋಲ್ಫಿಯನ್ನು ಶೋರೂಮಿಗೆ ಕರೆದು, ತನ್ನ ಅಣ್ಣನ ಮಗ ಸೆಡ್ರಿಕನಿಗೆ ವೆಲಿಟಾ ಒಳ್ಳೆಯ ಜೋಡಿ ಎಂದೂ, ಮುಂದಿನ ಅವಧಿಗೆ ಜನರಲ್ ಸೆಕ್ರೆಟರಿ ಡೋಲ್ಫಿಯೇ ಎಂದೂ ಹೇಳಿದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಹುಡುಗನಿಗೆ ಅವಸರವಿದೆ, ಪರೀಕ್ಷೆ ಗಿರೀಕ್ಷೆ ಎಂದು ಕಾಯುವುದಿಲ್ಲ, ನಾಟಕ ಮುಗಿದ ಕೂಡಲೇ ವೇದಿಕೆಯಲ್ಲೇ ಅನೌನ್ಸ್ ಮಾಡಿ ಉಂಗುರ ಹಾಕಿಸುವಾ ಎಂದ. ಡೋಲ್ಫಿ ಮಾತು ಕೊಟ್ಟ. ಮಗಳನ್ನು ಕೇಳಬೇಕೆಂದು ಅವನಿಗೆ ತೋಚಲೇ ಇಲ್ಲ. ಹೆಂಡತಿಗೆ ಹೇಳಬೇಕೆಂದು ತೋಚಿತ್ತು, ಆದರೆ ರಾಣಿಯ ಪಾರ್ಟು ಬಿಟ್ಟುಬಿಟ್ಟಾಳೆಂದು ಹೆದರಿ ಹೇಳಲಿಲ್ಲ. ‘ಮಗಳಿಗೆ ಫೋನ್ ಮಾಡು, ವಿಸಿಟ್ ವೀಸಾ ತೆಗೆಯುತ್ತೇನೆ. ತಾಯಿಯ ಡ್ರಾಮಾ ನೋಡಲಿಕ್ಕೆ ಬರಲಿ’ ಎಂದಷ್ಟೇ ಹೇಳಿದ. ವೈಲೆಟಳ ಮುಖ ಅರಳಿತು. ಅವಳೇ ಫೋನ್ ಮಾಡಿ, ಬರಲೇಬೇಕು ಎಂದು ಮಗಳನ್ನು ಒತ್ತಾಯಿಸಿದಳು.

ಅದಾದ ವಾರವೇ ರಿಹರ್ಸಲಿನಿಂದ ಬರುವಾಗ ಲಕ್ಷ್ಮೀನರಸಿಂಹ ಡೋಲ್ಫಿಯ ಕಾರು ಹತ್ತಿದರು. ಹಿಂದಿನ ಸೀಟಿನಲ್ಲಿ ಕೂತಿದ್ದ ವೈಲೆಟ್ ಕೇಳಿದಳು:

‘ಸರ್, ಈ ರಾಣಿ ಗಂಡನ ಮೇಲೆ ಕತ್ತಿ ಎತ್ತುವುದು ಯಾಕೆ? ಹಾಳೆಯಲ್ಲಿ ಕಾರಣವೇ ಇಲ್ಲ.’

‘ಕೆಟ್ಟ ಹೆಂಗಸು, ಅಷ್ಟೆ’ ಎಂದ ಡೋಲ್ಫಿ.

‘ಹಾಗಲ್ಲಮ್ಮ’ ಎಂದರು ಲಕ್ಷ್ಮೀನರಸಿಂಹ. ‘ಯುದ್ಧಕ್ಕೆ ಹೊರಟಾಗ ಹಡಗಿಗೆ ಗಾಳಿ ಇರಲಿಲ್ಲ. ಮಗಳನ್ನ ಬಲಿ ಕೊಟ್ರೆ ಗಾಳಿ ಬರುತ್ತೆ ಅಂದ್ರು. ಅರಸ ಏನ್ ಮಾಡಿದ, ಒಳ್ಳೇ ಸಂಬಂಧ ಬಂದಿದೆ, ಮಗಳಿಗೆ ಮದುವೆ, ಕಳಿಸು ಅಂತ ಹೆಂಡತಿಗೆ ಹೇಳಿ ಕಳಿಸಿದ. ಆ ತಾಯಿ ತಾನೇ ಸಿಂಗಾರ ಮಾಡಿ ಹುಡುಗೀನ ಕರ್ಕೊಂಡು ಹೋದ್ಲು. ಅಲ್ಲಿ ಮದುವೆ ಇರಲಿಲ್ಲ, ಬಲಿಪೀಠ ಇತ್ತು. ಅವಳು ಗಂಡ ವಾಪಸು ಬರೋ ತನಕ ವರ್ಷಗಟ್ಟಲೆ ಕಾದು, ಸ್ನಾನದ ಮನೇಲಿ ಮೇಲೆ ಬಟ್ಟೆ ಎಸೆದು ಕೊಂದಿದ್ದು ಅದಕ್ಕೇ.’

ಡೋಲ್ಫಿ ಏಸಿ ಜೋರು ಮಾಡಿದ. ಆದರೂ ಬೆವರಿದ.

‘ಆ ಭಾಗವನ್ನು ಯಾಕೆ ತೆಗೆದಿರಿ?’ ಎಂದಳು ವೈಲೆಟ್.

‘ನಾನು ಬರೆದಿದ್ದೆ. ಕಮಿಟಿಯೋರು ಬೇಡ ಅಂದ್ರು. ಮಗಳ ವಿಷಯ ಬಂದ್ರೆ ಜನ ಎಲ್ಲ ರಾಣಿ ಕಡೆ ಹೋಗಿಬಿಡ್ತಾರಂತೆ.’

ವೈಲೆಟ್ ಜೆರಾಕ್ಸ್ ಹಾಳೆಯನ್ನು ಬಿಡಿಸಿ ಮತ್ತೆ ಮೊದಲಿನಿಂದ ನೋಡತೊಡಗಿದಳು. ಅವಳಿಗೆ ನಾಟಕದ ರುಚಿ ಹತ್ತಿತೆಂದು ಡೋಲ್ಫಿಗೆ ಒಳಗೊಳಗೆ ಹೆಮ್ಮೆಯಾಯಿತು.

ನಾಟಕವಿದ್ದದ್ದು ಶುಕ್ರವಾರ ಮಧ್ಯಾಹ್ನ. ಬುಧವಾರ ವೆಲಿಟಾ ಬಂದಿಳಿದಳು. ಜನವರಿಯಲ್ಲಿ ಪರೀಕ್ಷೆಯಿದೆಯೆಂದು ದಪ್ಪ ಪುಸ್ತಕಗಳನ್ನೂ ಹೊತ್ತು ತಂದಿದ್ದಳು. ಗುರುವಾರ ಬೆಳಿಗ್ಗೆ ಬೊನವೆಂಚರನ ಹೆಂಡತಿ ಜೋಯ್ಸ್ ಕೇಕ್ ಹಿಡಿದು ಬಂದಳು. ಪಾಪ, ಅವಳಿಗೇನು ಗೊತ್ತು. ಸೋಫಾದಲ್ಲಿ ಕೂತವಳೇ ಹುಡುಗಿಯ ಕೈ ಹಿಡಿದು, ‘ವೈಲೆಟ್ ಬಾಯಿ, ಇವಳ ಬೆರಳಿನ ಅಳತೆ ಒಮ್ಮೆ ಬೇಕಿತ್ತು. ನಮ್ಮ ಸೆಡ್ರಿಕ್ ಹಾಕುವ ಉಂಗುರ ನಾಳೆ ಸಡಿಲ ಆಗುವುದು ಬೇಡವಲ್ಲ. ಇನ್ನು ಈ ಪುಸ್ತಕ ಎಲ್ಲ ಎಂತಕ್ಕೆ, ನಮ್ಮ ಶೋರೂಮು ಉಂಟಲ್ಲ’ ಎಂದು ನಕ್ಕಳು.

ಜೋಯ್ಸ್ ಹೋದ ಮೇಲೆ ವೆಲಿಟಾ ತಂದೆಯ ಮುಂದೆ ನಿಂತಳು.

‘ಪಪ್ಪಾ, ನಾನು ಪರೀಕ್ಷೆ ಬರೆಯಬೇಕು. ಆ ಸೆಡ್ರಿಕ್ ಯಾರು ಅಂತ ಕೂಡ ನನಗೆ ಗೊತ್ತಿಲ್ಲ.’

‘ನಾಳೆ ಗೊತ್ತಾಗುತ್ತದೆ’ ಎಂದ ಡೋಲ್ಫಿ. ಹುಡುಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅಳುವುದು ಹಾಲಿಗೂ ಕೇಳುತ್ತಿತ್ತು.

‘ಅವಳನ್ನು ಒಂದು ಮಾತು ಕೇಳಿದಿರಾ?’ ಎಂದಳು ವೈಲೆಟ್.

‘ಕೇಳುವುದೆಂತ? ಮಾತು ಕೊಟ್ಟಾಗಿದೆ. ಖಲಾಸ್.’

‘ಡ್ರಾಮಾ ನೋಡಲಿಕ್ಕೆ ಬಾ ಅಂತ ನನ್ನ ಬಾಯಿಂದಲೇ ಕರೆಸಿದಿರಲ್ಲ.’

‘ಅದರಲ್ಲಿ ಸುಳ್ಳೆಂತ ಉಂಟು? ಡ್ರಾಮಾ ಉಂಟಲ್ಲ.’

 ವೈಲೆಟ್ ಅರಸನ ನಿಲುವಂಗಿಯನ್ನು ಬೋರ್ಡಿನ ಮೇಲೆ ಹರಡಿ ಇಸ್ತ್ರಿ ಹಾಕತೊಡಗಿದಳು. ಹಿಂದೆ ಬೋರ್ಡಿಂಗಿನ ಮಾತು ಬಂದಾಗಲೂ ಅವಳು ಹೀಗೇ ಸುಮ್ಮನಾಗಿದ್ದಳು. ಡೋಲ್ಫಿ ಇದನ್ನೂ ಒಪ್ಪಿಗೆಯ ಲೆಕ್ಕಕ್ಕೇ ಹಾಕಿಕೊಂಡು ನಿರಾಳವಾಗಿ ಮೀಸೆಗೆ ಬಣ್ಣ ಹಚ್ಚಲು ಹೋದ.

ಶುಕ್ರವಾರ ಶಾಲೆಯೊಂದರ ಸಭಾಂಗಣ ತುಂಬಿ ತುಳುಕಿತು. ಬೊನವೆಂಚರನ ಶೋರೂಮಿನಿಂದ ಬಂದ ಕೆಂಪು ಕಾರ್ಪೆಟ್ಟಿನ ಮೇಲೆ ಮೊದಲು ಮುಖ್ಯ ಅತಿಥಿ ನಡೆದರು, ಆಮೇಲೆ ಪ್ರಾಯೋಜಕರು ನಡೆದರು, ಆಮೇಲೆ ಅದನ್ನೇ ಎತ್ತಿ ನಾಟಕಕ್ಕೆ ಹಾಸಿದರು. ಮುಂದಿನ ಸಾಲಿನಲ್ಲಿ ಬೊನವೆಂಚರ್, ಹ್ಯಾಂಡ್‌ಬ್ಯಾಗಿನಲ್ಲಿ ಉಂಗುರವಿಟ್ಟುಕೊಂಡ ಜೋಯ್ಸ್, ಹೊಸ ಸೂಟಿನ ಸೆಡ್ರಿಕ್. ಜೋಯ್ಸ್ ಕೈ ಬಿಡದೆ ಕೂರಿಸಿಕೊಂಡಿದ್ದರಿಂದ ವೆಲಿಟಾ ಕೂಡ ಅಲ್ಲೇ, ಊದಿದ ಕಣ್ಣಿನಲ್ಲಿ.

ಡೋಲ್ಫಿ ಅರಸ ಪ್ರವೇಶ ಮಾಡಿದ. ತಗಡಿನ ಕಿರೀಟ, ಅಂಟಿಸಿದ ಗಡ್ಡ, ತೋಳಿಗೆಲ್ಲ ಬಂಗಾರದ ಬಣ್ಣ. ಕಾಲಿಗೆ ಗೋದಾಮಿನ ಸೇಫ್ಟಿ ಶೂಗಳಿಗೇ ಬಂಗಾರದ ಸ್ಪ್ರೇ ಹೊಡೆದದ್ದು. ರಾಣಿಯ ಮಾತು ಹೀಗಿತ್ತು: ‘ನಾಥಾ, ಈ ಹಾಸಿನ ಮೇಲೆ ನಡೆದು ಬನ್ನಿ, ನಿಮ್ಮ ಪಾದಧೂಳಿಯೇ ನನಗೆ ಸಿಂದೂರ.’ ಅರಸ ಪಾದರಕ್ಷೆ ಕಳಚಿ ನಡೆಯಬೇಕು. ಡೋಲ್ಫಿ ಕೂತು, ಲೇಸು ಬಿಚ್ಚಿ, ಒಂದು ಶೂ ಎಳೆದು ತೆಗೆದ.

ಆಗ ರಾಣಿ ಬಗ್ಗಿ ಕಾರ್ಪೆಟ್ಟನ್ನು ಸುತ್ತತೊಡಗಿದಳು. ವಾರ್ಡಿನಲ್ಲಿ ಹಾಸಿಗೆಯ ಹೊದಿಕೆ ತೆಗೆಯುವಷ್ಟೇ ಚುರುಕಾಗಿ ಅದನ್ನು ಅರಸನ ಕಾಲ ಬುಡದಿಂದ ಸುತ್ತಿಕೊಂಡು ಹೋಗಿ ಅರಮನೆಯ ಬಾಗಿಲಲ್ಲಿಟ್ಟು ನಿಂತಳು.

‘ನಿಲ್ಲಿ ಅರಸರೇ’ ಎಂದಳು. ‘ಒಳಗೆ ಕಾಲಿಡುವ ಮೊದಲು ಒಂದು ಮಾತು ಹೇಳಿ. ನಮ್ಮ ಮಗಳು ಎಲ್ಲಿ?’

ಡೋಲ್ಫಿ ಒಂದು ಶೂ ಕೈಯಲ್ಲಿ ಹಿಡಿದು ಮರೆಯ ಕಡೆ ನೋಡಿದ. ಸಿಲ್ವೆಸ್ಟರ್ ಹಾಳೆಗಳನ್ನು ಹಿಂದೆ ಮುಂದೆ ತಿರುವುತ್ತಿದ್ದ.

‘ಮಗಳಾ... ಮಗಳು ಸೌಖ್ಯ’ ಎಂದ ಅರಸ. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು.

‘ಅವಳಿಗೆ ಸುಳ್ಳು ಹೇಳಿ ಕರೆಸಿದ್ದು ಯಾರು? ಆ ಸುಳ್ಳನ್ನು ತಾಯಿಯ ಬಾಯಿಂದಲೇ ಹೇಳಿಸಿದ್ದು ಯಾರು?’

ನಗು ನಿಂತಿತು. ವೈಲೆಟಳ ದನಿ ನಡುಗುತ್ತಿತ್ತು, ಆದರೆ ಕಟ್ಟಕಡೆಯ ಸಾಲಿಗೂ ಕೇಳುತ್ತಿತ್ತು.  ಇದು ಸ್ಕ್ರಿಪ್ಟಿನಲ್ಲಿಲ್ಲ ಎಂದು ಕೂಗಿಬಿಡಲೇ ಎಂದುಕೊಂಡ ಡೋಲ್ಫಿ. ಕೂಗಿದರೆ? ಇಷ್ಟು ಜನರಿಗೂ ಇದು ನಾಟಕವಲ್ಲ, ಡೋಲ್ಫಿಯ ಮನೆಯ ವಿಷಯವೆಂದು ಗೊತ್ತಾಗುತ್ತದೆ. ಸದ್ಯಕ್ಕೆ ಅದು ಗೊತ್ತಿದ್ದದ್ದು ಮುಂದಿನ ಸಾಲಿಗೆ ಮಾತ್ರ. ಕಿರೀಟ ತಲೆಯ ಮೇಲಿರುವಷ್ಟು ಹೊತ್ತು ಅವನು ಅರಸ. ಮರ್ಯಾದೆ ಉಳಿಯಬೇಕಾದರೆ ಅರಸನಾಗಿಯೇ ಉತ್ತರ ಕೊಡಬೇಕಾಗಿತ್ತು.

‘ನಾನೇ’ ಎಂದ.

‘ಅವಳನ್ನು ಒಂದು ಮಾತು ಕೇಳಿದಿರಾ?’

‘ಇಲ್ಲ.’

‘ಯಾವ ಗಾಳಿಗಾಗಿ ಅರಸರೇ? ಯಾವ ಸಿಂಹಾಸನಕ್ಕಾಗಿ?’

ಡೋಲ್ಫಿಯ ಕಣ್ಣು ತಪ್ಪಿ ಬೊನವೆಂಚರನ ಪಕ್ಕದ ಖಾಲಿ ಕುರ್ಚಿಯ ಮೇಲೆ ಬಿತ್ತು. ಸಮಾರಂಭದ ಕೊನೆಗೆ ಮುಖ್ಯ ಅತಿಥಿಯ ಪಕ್ಕ ಸೆಕ್ರೆಟರಿಗೆಂದು ವೇದಿಕೆಗೆ ಏರಿಸಲು ಇಟ್ಟದ್ದು ಅದು. ಅದರ ಆಚೆ ವೆಲಿಟಾ ಎದ್ದು ನಿಂತಿದ್ದಳು. ಎಂಟು ವರ್ಷದವಳಿದ್ದಾಗ ಬೋರ್ಡಿಂಗಿನ ಗೇಟಿನ ಬಳಿ ಹಾಗೇ ನಿಂತಿದ್ದಳು, ಅಳದೆ, ಇವನನ್ನೇ ನೋಡುತ್ತ. ಅವತ್ತು ಅವನು ಟ್ಯಾಕ್ಸಿ ಹತ್ತಿ ತಿರುಗಿ ನೋಡಿರಲಿಲ್ಲ. ಇವತ್ತು ತಿರುಗಲು ಜಾಗವಿರಲಿಲ್ಲ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

‘ತಪ್ಪಾಯಿತು’ ಎಂದ.

‘ನನಗೆ ಹೇಳಿದರೆ ಸಾಲದು. ಈ ಪ್ರಜೆಗಳೆಲ್ಲ ಕೇಳುವ ಹಾಗೆ ಹೇಳಿ. ಮಗಳು ಹೋಗಬಹುದಾ?’

‘ಹೋಗಬಹುದು. ಹೋಗಲಿ, ಓದಲಿ’ ಎಂದ ಅರಸ, ಒಂದು ಕಾಲಲ್ಲಿ ಶೂ, ಒಂದು ಕಾಲಲ್ಲಿ ತೂತು ಬಿದ್ದ ಕಾಲುಚೀಲ.

ರಾಣಿ ಕಾರ್ಪೆಟ್ಟನ್ನು ಕಾಲಿನಿಂದ ತಳ್ಳಿದಳು. ಅದು ಬಿಚ್ಚಿಕೊಳ್ಳುತ್ತ ಬಂದು ಅವನ ಮುಂದೆ ನಿಂತಿತು. ಅರಸ ಕುಂಟುತ್ತ ಅದರ ಮೇಲೆ ನಡೆದು ಒಳಗೆ ಹೋದ. ಕತ್ತಿ, ತಾಳಿ, ಕಾಲಿಗೆ ಬೀಳುವುದು ಎಲ್ಲ ಬಾಕಿ ಉಳಿಯಿತು. ಸಿಲ್ವೆಸ್ಟರ್ ತಾನೇ ಪರದೆ ಎಳೆದುಬಿಟ್ಟ. ಚಪ್ಪಾಳೆ ನಿಲ್ಲಲಿಲ್ಲ. ಹೆಂಗಸರ ಕಡೆಯಿಂದ ಯಾರೋ ಶಿಳ್ಳೆಯನ್ನೂ ಹಾಕಿದರು.

ಬೊನವೆಂಚರ್ ವೇದಿಕೆ ಹತ್ತಿ ಮೈಕು ಹಿಡಿದ. ಮಗಳನ್ನು ಓದಲು ಬಿಟ್ಟ ಅರಸನನ್ನು ಕಂಡು ಕಣ್ಣೊರೆಸಿಕೊಳ್ಳುತ್ತಿದ್ದ ಆ ಜನದ ಎದುರು ಅದೇ ಮಗಳ ನಿಶ್ಚಿತಾರ್ಥ ಸಾರುವಷ್ಟು ಗಟ್ಟಿ ಗುಂಡಿಗೆ ಅವನಿಗೂ ಇರಲಿಲ್ಲ. ಕೆಮ್ಮಿ, ‘ಇಂಥ ತಂದೆ ಮನೆಮನೆಯಲ್ಲೂ ಹುಟ್ಟಲಿ’ ಎಂದು ಹೇಳಿ ಬಿರಿಯಾನಿಗೆ ಕರೆದ. ಜೋಯ್ಸ್ ಹ್ಯಾಂಡ್‌ಬ್ಯಾಗಿನ ಜಿಪ್ಪು ಎಳೆದುಕೊಂಡಳು. ಶ್ರೇಷ್ಠ ನಟ ಬಹುಮಾನ ಡೋಲ್ಫಿಗೆ ಬಂತು, ಸಹಜ ಅಭಿನಯಕ್ಕೆ. ಸ್ಕ್ರಿಪ್ಟು ಬಿಟ್ಟು ಮಾತಾಡಿದ್ದರಿಂದ ವೈಲೆಟಳ ಹೆಸರನ್ನು ತೀರ್ಪುಗಾರರು ಪರಿಗಣಿಸಲಿಲ್ಲ. ಜನರಲ್ ಸೆಕ್ರೆಟರಿ ಯಾರಾದರೆಂದು ಮುಂದಿನ ತಿಂಗಳು ಬಳಗದ ನೋಟೀಸು ಬೋರ್ಡಿಗೆ ಪಟ್ಟಿ ಅಂಟಿಸಿದಾಗ ಗೊತ್ತಾಯಿತು: ಸಿಲ್ವೆಸ್ಟರ್.

ಅಬು ಹಲೀಫಾಕ್ಕೆ ಬರುವಾಗ ಇನ್ನೂ ಬೆಳಕಿತ್ತು. ವೆಲಿಟಾ ದಾರಿಯುದ್ದಕ್ಕೂ ತಾಯಿಯ ಹೆಗಲಿಗೆ ಒರಗಿ ಮಲಗಿದ್ದಳು. ಮನೆಗೆ ಬಂದವಳೇ ಪುಸ್ತಕ ಬಿಡಿಸಿಕೊಂಡು ಕೂತಳು. ಡೋಲ್ಫಿ ಶೀಲ್ಡನ್ನು ಟಿವಿಯ ಮೇಲಿಟ್ಟು, ಅರ್ಧ ಕಿತ್ತ ಗಡ್ಡದಲ್ಲೇ ಸೋಫಾದಲ್ಲಿ ಕುಸಿದ.

‘ಅಷ್ಟು ಜನರ ಎದುರು ನನ್ನ ಮಾನ ತೆಗೆದೆ ವೈಲೆಟ್.’

ವೈಲೆಟ್ ಕಪಾಟಿನಿಂದ ದೊಡ್ಡದೊಂದು ಹೊಸ ಟವೆಲು ತೆಗೆದು ಅವನ ಮಡಿಲಲ್ಲಿಟ್ಟಳು.

‘ಗ್ರೀಕರ ರಾಣಿ ಎಂತ ಮಾಡಿದಳು ಅಂತ ನಿಮಗೆ ಗೊತ್ತುಂಟಲ್ಲ’ ಎಂದಳು ಮೆತ್ತಗೆ. ‘ಮೈಯೆಲ್ಲ ಬಣ್ಣ. ಗೀಸರ್ ಹಾಕಿದ್ದೇನೆ, ಹೋಗಿ ಸ್ನಾನ ಮಾಡಿ ಬನ್ನಿ.’

ಡೋಲ್ಫಿ ಟವೆಲನ್ನು ಎರಡೂ ಕಡೆ ತಿರುಗಿಸಿ ನೋಡಿದ. ಎದ್ದು ಬಾತ್‌ರೂಮಿಗೆ ಹೋಗಿ, ಇಷ್ಟು ವರ್ಷ ಸುಮ್ಮನೆ ಮುಂದೆ ಮಾಡಿಕೊಳ್ಳುತ್ತಿದ್ದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ನಲ್ಲಿ ತಿರುಗಿಸುವ ಮೊದಲು ಅದನ್ನು ಇನ್ನೊಮ್ಮೆ ಎಳೆದು ನೋಡಿದ.